ಮುಂದೆ ತಂಪು, ಹಿಂದೆ ಸೆಕೆ

ಪ್ರಶ್ನೆ: ಅಹಮದಾಬಾದಿನಿಂದ ವಡೋದರಾ ದಾಟಿ ಸೂರತ್‌ಗೆ ಹೋಗುವಾಗ ಇನೋವಾದ ಹಿಂದಿನ ಸೀಟಿನವರಿಗೆ ಮಾತ್ರ ಬಿಸಿಗಾಳಿ. ಏಕೆ?

ಉತ್ತರ: ಇಂಥ ದೊಡ್ಡ ಗಾಡಿಗಳಲ್ಲಿ ಕಂಪ್ರೆಸರ್ ಒಂದೇ. ಆದರೆ ಹಿಂಭಾಗಕ್ಕೆ ಬೇರೆಯೇ ಕೂಲಿಂಗ್ ಕಾಯಿಲ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಬ್ಲೋವರ್ ಇರುತ್ತವೆ. ಮುಂದೆ ಚೆನ್ನಾಗಿ ತಂಪಿದ್ದರೆ ಕಂಪ್ರೆಸರ್ ಮೇಲೆ ಅನುಮಾನ ಬೇಡ. ಎಸಿ ಓಡುತ್ತಿರುವಾಗ ಹಿಂಬದಿಯ ದಪ್ಪ ಪೈಪನ್ನು ಮೆಕ್ಯಾನಿಕ್ ಮುಟ್ಟಿ ನೋಡಲಿ. ಅದು ತಣ್ಣಗಿಲ್ಲದಿದ್ದರೆ ವಾಲ್ವ್ ಕಟ್ಟಿಕೊಂಡಿರಬಹುದು, ಇಲ್ಲವೇ ಗ್ಯಾಸ್ ಕಡಿಮೆ ಆಗಿರಬಹುದು. ತಣ್ಣಗಿದ್ದೂ ಗಾಳಿ ಕ್ಷೀಣವಾಗಿದ್ದರೆ ಕಾಯಿಲ್‌ನಲ್ಲಿ ಧೂಳು ತುಂಬಿರುವ ಸಾಧ್ಯತೆ ಹೆಚ್ಚು. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿದರೆ ದುಡ್ಡು ದಂಡ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಬಿಸಿಲಲ್ಲಿ ನಿಂತ ಗಾಡಿಯ ಕಿಟಕಿಗಳನ್ನು ಮೊದಲು ತೆರೆದು, ಒಳಗಿನ ಕಾವು ಹೊರಹೋದ ಮೇಲೆ ಎಸಿ ಹಾಕಬೇಕು. ಸೂರತ್‌ನ ತೇವದ ಗಾಳಿಯಲ್ಲಿ ನೀರನ್ನು ಇಳಿಸುವುದಕ್ಕೇ ಕಾಯಿಲ್‌ನ ಶಕ್ತಿಯ ಒಂದು ಪಾಲು ಖರ್ಚಾಗುತ್ತದೆ.