ನಿಮಗಿದು ಗೊತ್ತೆ? ಲಜ್ಜಾಗೌರಿ ಎಂಬ ದೇವಿಯ ತಲೆಯ ಜಾಗದಲ್ಲಿ ತಾವರೆ ಇದೆ!

ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿ ನಾಗನಾಥಕೊಳ್ಳದ ಗುಡಿಯಿಂದ ಬಂದ ಚಾಲುಕ್ಯರ ಕಾಲದ ಶಿಲ್ಪ. ಹೆರಿಗೆಯ ಭಂಗಿಯಲ್ಲಿ ಮಡಿಚಿ ಅಗಲಿಸಿದ ಕಾಲು, ಮೈಮೇಲೆ ಒಡವೆ, ಕುತ್ತಿಗೆಯ ಮೇಲೆ ಅರಳಿದ ತಾವರೆ. ತಲೆಯನ್ನು ಯಾರೋ ಒಡೆದರು ಎನ್ನುವವರುಂಟು. ಒಡೆದಿದ್ದರೆ ಅಲ್ಲಿ ಎಸಳೆಸಳಾಗಿ ಕಡೆದ ಹೂವು ಇರುತ್ತಿರಲಿಲ್ಲ. ನಾಚಿ ಮುಖ ಮರೆಸಿಕೊಂಡಳೆಂಬ ಕಥೆ ಹೆಸರಿಗೆ ಹೊಂದುತ್ತದೆ, ಶಿಲ್ಪಕ್ಕೆ ಹೊಂದುವುದಿಲ್ಲ. ನಾಚಿಕೆಯನ್ನೇ ತೋರಿಸಬೇಕಿದ್ದ ಶಿಲ್ಪಿ ಮೊದಲು ಮೈ ಮುಚ್ಚುತ್ತಿದ್ದ. ತುಂಗಭದ್ರೆಯ ದಡದ ಆಲಂಪುರದಲ್ಲೂ ಇಂಥದೇ ಶಿಲ್ಪವಿದೆ. ಐಹೊಳೆ ಸಮೀಪದ ಸಿದ್ಧನಕೊಳ್ಳದಲ್ಲಿ ಮಕ್ಕಳ ಭಾಗ್ಯ ಬೇಡುವವರು ಇಂದಿಗೂ ಈ ದೇವಿಗೆ ಹರಕೆ ಹೊರುತ್ತಾರೆ.

ಇದೆಲ್ಲ ಬಾದಾಮಿ ಸೀಮೆಯ ಮಾತು, ಕಲಬುರಗಿ ಸೀಮೆಗೆ ಏನು ಸಂಬಂಧ ಎಂದು ಕೇಳಬಹುದು. ಎಳ್ಳಮಾವಾಸ್ಯೆಯಂದು ಈ ಭಾಗದ ರೈತರು ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜಿ ರೊಟ್ಟಿ, ಭಜ್ಜಿಯ ನೈವೇದ್ಯವಾದ ಚರಗವನ್ನು ನಿಂತ ಜೋಳಕ್ಕೆ ಚೆಲ್ಲುತ್ತಾರೆ. ಅದು ಬಸುರಿ ಭೂತಾಯಿಗೆ ಮಾಡುವ ಸೀಮಂತ. ಕಲ್ಲಿಗೆ ರೂಪ ಕೊಟ್ಟರೂ ಕೊಡದಿದ್ದರೂ ಬೇಡಿಕೆ ಒಂದೇ: ಒಡಲು ತುಂಬಲಿ, ಹೊಲ ತುಂಬಲಿ. ಹಾಗಾಗಿ ಲಜ್ಜಾಗೌರಿಯನ್ನು ನಾಚಿದವಳು ಎನ್ನುವುದಕ್ಕಿಂತ ಹೆರುವವಳು ಎನ್ನುವುದೇ ಸರಿ.