ಮಲೇರಿಯ ರೋಗಾಣುವಿನ ಹಲವು ವೇಷಗಳು

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಕಡೆಗೆ ಸಾಗುತ್ತದೆ. ಮಳೆಗಾಲ ಕಳೆದ ಮೇಲೆ ಇಂತಹ ನದಿಗಳ ಮಡುಗಳಲ್ಲಿಯೂ ಕಾಲುವೆಗಳಲ್ಲಿಯೂ ನಿಲ್ಲುವ ತಿಳಿನೀರು ಅನಾಫಿಲಿಸ್ ಸೊಳ್ಳೆಗೆ ತೊಟ್ಟಿಲಿದ್ದಂತೆ. ಈ ಸೊಳ್ಳೆಯು ಹರಡುವ ಚಳಿಜ್ವರವೇ ಮಲೇರಿಯ. ದೇವಿ ಹಾಕಿ ಸಿಡುಬನ್ನು ಭೂಮಿಯಿಂದಲೇ ಅಳಿಸಿದ ಮಾನವನಿಗೆ ಮಲೇರಿಯದ ಲಸಿಕೆಯು ಬಹುಕಾಲ ಕೈಗೆಟುಕದೆ ಹೋದುದೇಕೆ?

ಮುಖ್ಯ ಕಾರಣವೊಂದು ರೋಗಾಣುವಿನ ಹೊರಮೈಯಲ್ಲಿದೆ. ಸೊಳ್ಳೆ ಕಚ್ಚಿದಾಗ ದೇಹವನ್ನು ಸೇರಿದ ರೋಗಾಣುಗಳು ಯಕೃತ್ತಿನಲ್ಲಿ ವೃದ್ಧಿಹೊಂದಿ, ಅನಂತರ ಕೆಂಪು ರಕ್ತಕಣಗಳನ್ನು ಹೊಗುತ್ತವೆ. ಅವುಗಳ ಮೈಮೇಲಿನ ಪ್ರೋಟೀನುಗಳನ್ನು ಗುರುತಿಸಿ ನಮ್ಮ ದೇಹವು ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆ ಹೊರಮೈಯ ಒಂದು ತುಣುಕನ್ನು ದೇಹಕ್ಕೆ ಮುಂಚಿತವಾಗಿಯೇ ಪರಿಚಯಿಸುವುದು ಲಸಿಕೆಯ ಕೆಲಸ. ಆದರೆ ಈ ವೈರಿಗಳು ಹಗಲುವೇಷದ ತಂಡದವರಂತೆ. ಒಬ್ಬೊಬ್ಬನದು ಒಂದೊಂದು ವೇಷ! ಫಾಲ್ಸಿಪೇರಮ್ ಎಂಬ ಜಾತಿಯ ರೋಗಾಣುವಿನ ಎಂ.ಎಸ್.ಪಿ.-೧ ಪ್ರೋಟೀನಿನ ಒಂದು ಭಾಗದಲ್ಲಿಯೇ ಕೆ-೧, ಮ್ಯಾಡ್-೨೦, ಆರ್.ಒ.-೩೩ ಎಂಬ ಮೂರು ಮನೆತನಗಳಿವೆ. ಮೊದಲೆರಡರಲ್ಲಿ ಮತ್ತೆ ಅನೇಕ ಪ್ರಭೇದಗಳು.

ಈ ವೈವಿಧ್ಯವು ಎಲ್ಲಿಂದ ಬಂತು? ರೋಗಾಣುವಿನ ಗಂಡು ಹೆಣ್ಣು ರೂಪಗಳು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಜೇವರ್ಗಿಯ ಕೂಲಿಕಾರನೊಬ್ಬನು ದುಡಿಮೆಗಾಗಿ ದೂರದ ನಗರಕ್ಕೆ ಹೋಗಿ, ಅಲ್ಲಿಯ ರೋಗಾಣುವನ್ನು ತಂದನೆನ್ನಿ. ಅದರೊಡನೆ ಊರಿನ ರೋಗಾಣುವೂ ಅವನ ರಕ್ತದಲ್ಲಿದ್ದರೆ, ಎರಡನ್ನೂ ಹೀರಿದ ಸೊಳ್ಳೆಯಲ್ಲಿ ಅವುಗಳ ಜೀನುಗಳು ಬೆರೆತು ಹೊಸ ವೇಷಗಳು ಹುಟ್ಟಬಹುದು. ಪರಿಚಿತ ವೇಷದವನ್ನು ದೇಹವು ಕೊಲ್ಲುತ್ತದೆ. ಅಪರಿಚಿತವಾದವು ಉಳಿದು ಬೆಳೆಯುತ್ತವೆ.

ಇದರಿಂದಾಗುವ ತೊಡಕನ್ನು ಆಫ್ರಿಕದ ಮಾಲಿ ದೇಶದ ಪ್ರಯೋಗವೊಂದು ತೋರಿಸಿಕೊಟ್ಟಿತು. ಎ.ಎಂ.ಎ.-೧ ಎಂಬ ಹೊರಮೈ ಪ್ರೋಟೀನಿನ ಒಂದೇ ಪ್ರಭೇದದಿಂದ ತಯಾರಿಸಿದ ಲಸಿಕೆಯನ್ನು ಅಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದರು. ಫಲಿತಾಂಶವು ೨೦೧೧ರಲ್ಲಿ ಪ್ರಕಟವಾಯಿತು. ಲಸಿಕೆಯನ್ನು ಹೋಲುವ ವೇಷದ ರೋಗಾಣುಗಳ ವಿರುದ್ಧ ರಕ್ಷಣೆಯು ಶೇಕಡ ೬೪ರಷ್ಟು; ಎಲ್ಲ ವೇಷಗಳನ್ನೂ ಗಣಿಸಿದಾಗ ಶೇಕಡ ೧೭ರಷ್ಟು ಮಾತ್ರ.

ಹಾಗಾದರೆ ಬದಲಾಗದ ಭಾಗವೇ ಇಲ್ಲವೆ? ಉಂಟು. ಸೊಳ್ಳೆಯಿಂದ ಆಗತಾನೆ ಬಂದ ರೋಗಾಣುವಿನ ಮೈಮೇಲಿರುವ ಸಿ.ಎಸ್.ಪಿ. ಪ್ರೋಟೀನಿನಲ್ಲಿ ನಾಲ್ಕು ಅಮೈನೊ ಆಮ್ಲಗಳ ಒಂದು ಕ್ರಮವು ಭಜನೆಯ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಎಲ್ಲ ದೇಶಗಳ ಫಾಲ್ಸಿಪೇರಮ್‌ನಲ್ಲಿಯೂ ಈ ಪಲ್ಲವಿ ಬಹುಮಟ್ಟಿಗೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿಯೂ ೨೦೨೩ರಲ್ಲಿಯೂ ಶಿಫಾರಸು ಮಾಡಿದ ಎರಡು ಲಸಿಕೆಗಳಿಗೆ ಇದೇ ಆಧಾರ. ಎರಡನೆಯದನ್ನು ನಮ್ಮ ನೆರೆಯ ಪುಣೆಯಲ್ಲಿ ತಯಾರಿಸುತ್ತಾರೆ. ಆದರೂ ಇವುಗಳ ರಕ್ಷಣೆ ಪೂರ್ಣವಲ್ಲ; ಭಾರತದಲ್ಲಿರುವ ಇನ್ನೊಂದು ಜಾತಿಯಾದ ವೈವಾಕ್ಸ್ ರೋಗಾಣುವನ್ನು ಇವು ತಡೆಯಲಾರವು.

ಆದುದರಿಂದ ಲಸಿಕೆಯನ್ನು ಆರಿಸುವ ಮುನ್ನ ಆಯಾ ಸೀಮೆಯ ರೋಗಾಣುಗಳು ತೊಟ್ಟ ವೇಷಗಳನ್ನು ಅರಿಯಬೇಕು. ಇದಕ್ಕೆ ರೋಗಿಯ ಬೆರಳಿನಿಂದ ತೆಗೆದು ಸೋಸುಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತ ಸಾಕು. ಪ್ರಯೋಗಶಾಲೆಯಲ್ಲಿ ಅದರೊಳಗಿನ ಜೀನನ್ನು ಕೋಟಿಗಟ್ಟಲೆಯಾಗಿ ನಕಲುಮಾಡಿ ಓದಬಹುದು. ಜ್ವರ ಬಂದಾಗ ರಕ್ತಪರೀಕ್ಷೆಗೆ ಹಿಂಜರಿಯದಿರಿ. ಆ ಹನಿಯು ನಿಮಗೆ ತಕ್ಕ ಔಷಧವನ್ನು ತಿಳಿಸುತ್ತದೆ. ಮುಂದಿನ ಪೀಳಿಗೆಗೆ ತಕ್ಕ ಲಸಿಕೆಯನ್ನೂ ತಿಳಿಸಬಲ್ಲದು.