ನಿಮಗಿದು ಗೊತ್ತೆ? 70 ಎಂಎಂ ‘ಶೋಲೆ’ಗೆ 35 ಎಂಎಂ ಕ್ಯಾಮೆರಾ!

1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಶುರುವಾದ ‘ಶೋಲೆ’ 70 ಎಂಎಂ ಚಿತ್ರವೆಂದೇ ಹೆಸರುವಾಸಿ. ಆದರೆ ಅದನ್ನು ತೆಗೆದದ್ದು ಮಾಮೂಲಿ 35 ಎಂಎಂ ಕ್ಯಾಮೆರಾದಲ್ಲಿ! ಛಾಯಾಗ್ರಾಹಕ ದ್ವಾರಕಾ ದಿವೇಚಾ ತೆಗೆದ ಚೌಕಟ್ಟಿನ ಮೇಲೆ-ಕೆಳಗೆ ಕತ್ತರಿಸಿ, ಉಳಿದದ್ದನ್ನು ಲಂಡನ್ನಿನಲ್ಲಿ 70 ಎಂಎಂ ಫಿಲ್ಮಿಗೆ ಹಿಗ್ಗಿಸಲಾಯಿತು. ಇಂಥ ಪ್ರಿಂಟಿನ ಧ್ವನಿ ಇರುತ್ತಿದ್ದುದು ಫಿಲ್ಮಿನ ಅಂಚಿನ ರಂಧ್ರಗಳ ಪಕ್ಕ ಬಳಿದ ಕಾಂತೀಯ ಪಟ್ಟಿಗಳಲ್ಲಿ. ಅದನ್ನು ಓಡಿಸಲು ಬೇರೆ ಪ್ರೊಜೆಕ್ಟರ್, ಬೇರೆ ಸೌಂಡ್ ವ್ಯವಸ್ಥೆ, ದೊಡ್ಡ ಪರದೆ ಎಲ್ಲವೂ ಬೇಕು. ಟೆಂಟು, ಟೂರಿಂಗ್ ಟಾಕೀಸುಗಳಿಗೆ ಅದೆಲ್ಲಿ ಸಾಧ್ಯ? ಅಲ್ಲಿ ಚಿತ್ರದ ಖಳನಾಯಕ ಗಬ್ಬರ್ ಗುಡುಗಿದ್ದು 35 ಎಂಎಂನಲ್ಲೇ.